ಹಲ್ಲಿನ ಡಾಕ್ಟರು ಡ್ರೈವರ್ ಕಿತ್ತ ಪ್ರಸಂಗ

ಹಲ್ಲಿನ ಡಾಕ್ಟರ ಕೈ ಸುಮ್ಮನಿರುವುದಿಲ್ಲ. ಬಾಯಿಯಂತೂ ಕೇಳಲೇಬೇಡಿ. ಒಬ್ಬನೇ ಕೂತರೂ ಮಾಡುವ ಕೆಲಸವನ್ನೆಲ್ಲ ಗಟ್ಟಿಯಾಗಿ ಒದರುತ್ತಲೇ ಇರಬೇಕು. ಅವನ ಅಕ್ಕನಿಗೆ ಇದು ಅವನು ತೊಟ್ಟಿಲಲ್ಲಿದ್ದಾಗಿನಿಂದ ಗೊತ್ತು. ಈಗ ಅವನ ಕ್ಲಿನಿಕ್ಕಿನ ಮುಂದಿನ ಮೇಜಿನಲ್ಲಿ ಕೂತು ಬಂದವರನ್ನು ಸಂಭಾಳಿಸುವವಳೂ ಅವಳೇ.

ಹಲ್ಲು ಕೊರೆಯುವ ಸದ್ದಿಗೆ ಹೊರಗೆ ಕೂತವರ ಜೀವ ಬಾಯಿಗೆ ಬರುತ್ತದೆಂದು ಡಾಕ್ಟರು ಒಂದು ಉಪಾಯ ಹೂಡಿದ್ದ. ಕಂಪ್ಯೂಟರಿಗೆ ಎಂಟು ವೈರುಗಳಲ್ಲಿ ಎಂಟು ಕಡೆಗೆ ಸದ್ದು ಕಳಿಸುವ ಸೌಂಡ್ ಬಾಕ್ಸ್ ಜೋಡಿಸಿ, ಹೊರಗಿನ ಕೋಣೆಗೆ ಹಕ್ಕಿಗಳ ಚಿಲಿಪಿಲಿ, ಒಳಗೆ ರೋಗಿಯ ತಲೆಯ ಮೇಲೆ ಕೊಳಲು, ತನ್ನ ಹೆಡ್‌ಫೋನಿಗೆ ಬೇಕಾದ ಹಾಡು ಬರುವ ಹಾಗೆ ಮಾಡಿದ್ದ. ಸಾಲದ್ದಕ್ಕೆ ಎರಡು ಮೈಕು ಬೇರೆ. ಅಕ್ಕನ ಮೈಕಿನ ಮಾತು ತಮ್ಮನ ಹೆಡ್‌ಫೋನಿಗೆ. ತಮ್ಮ ಗುಂಡಿ ಒತ್ತಿ ಮಾತಾಡಿದರೆ ಹೊರಗಿನ ಕೋಣೆಗೆ.

"ಎದ್ದು ಬಂದು ಕರೆದ್ರೆ ಕಾಲು ಸವೆದು ಹೋಗುತ್ತೇನೋ?" ಎಂದು ಅಕ್ಕ ಆಗಲೇ ಕೇಳಿದ್ದಳು.

"ಅಕ್ಕಾ, ಇದೆಲ್ಲಾ ನಿಂಗೆ ಗೊತ್ತಾಗಲ್ಲ, ಬಿಡು."

ಒಂದು ಬೆಳಿಗ್ಗೆ ಕಂಪ್ಯೂಟರು ಯಾರ ಮಾತನ್ನೂ ಕೇಳದೆ ತನ್ನ ಡ್ರೈವರನ್ನು ತಾನೇ ಬದಲಾಯಿಸಿಕೊಂಡಿತು. ಡ್ರೈವರ್ ಎಂದರೆ ಕಂಪ್ಯೂಟರಿನ ಮಾತನ್ನು ಸೌಂಡ್ ಬಾಕ್ಸಿಗೆ ತಿಳಿಸಿ ಹೇಳುವ ದುಭಾಷಿಯಂಥ ಪ್ರೋಗ್ರಾಮು. ಹೊಸ ದುಭಾಷಿ ಬಂದದ್ದೇ ತಡ, ಹಕ್ಕಿಗಳೂ ಕೊಳಲೂ ಗಪ್‌ಚಿಪ್.

ಕುರ್ಚಿಯಲ್ಲಿ ಆಗ ನಿವೃತ್ತ ಲೆಕ್ಕದ ಮೇಷ್ಟ್ರಿದ್ದರು. ಒಂದು ಹುಳುಕು ಹಲ್ಲಿಗೆ ಸಿಮೆಂಟು ತುಂಬುವುದಿತ್ತು. ಇಂಜೆಕ್ಷನ್ ಚುಚ್ಚಿಯಾಗಿತ್ತು, ದವಡೆ ಜೋಮು ಹಿಡಿಯುವಷ್ಟರಲ್ಲಿ ಮೇಷ್ಟ್ರು ಬಾಯಿ ತೆರೆದುಕೊಂಡೇ ನಿದ್ದೆ ಹೋದರು. ಸಿಕ್ಕಿದ್ದೇ ಸಮಯವೆಂದು ಡಾಕ್ಟರು ಹೆಡ್‌ಫೋನ್ ಏರಿಸಿಕೊಂಡು ಕಂಪ್ಯೂಟರಿನ ಮುಂದೆ ಕೂತ. ಬಾಗಿಲಿಗೆ ಚಿಲಕ ಹಾಕಿತ್ತು, ಹಿಂದೊಮ್ಮೆ ರೋಗಿಯೊಬ್ಬರು ಅರ್ಧಕ್ಕೇ ಎದ್ದು ಓಡಿಹೋದಂದಿನಿಂದ ಅದು ರೂಢಿ.

ಹೊರಗೆ ಕಾಯುತ್ತಿದ್ದವರು ಇಬ್ಬರು: ಹಲ್ಲು ಕೀಳಿಸಲೆಂದು ಊದಿದ ಕೆನ್ನೆ ಹಿಡಿದುಕೊಂಡು ಬಂದ ಬಸ್ ಡ್ರೈವರು ಮತ್ತು ಬ್ಲೌಸು ಹೊಲಿಯುವ ಟೈಲರಮ್ಮ. ಇದ್ದಕ್ಕಿದ್ದಂತೆ ಗೋಡೆಯ ಸ್ಪೀಕರು ಗೊರಗುಟ್ಟಿತು. ಹಿಂದೆಯೇ ಡಾಕ್ಟರ ದನಿ.

"ಅಯ್ಯೋ ಗ್ರಹಚಾರವೇ! ಎಡಗಡೇದು ಬಲಗಡೆ ಹೋಗಿ ಕೂತಿದೆಯಲ್ಲಾ!"

ಟೈಲರಮ್ಮ ಓದುತ್ತಿದ್ದ ವಾರಪತ್ರಿಕೆ ಕೆಳಗಿಟ್ಟಳು. "ಯಾರದ್ದು?"

"ಮೇಷ್ಟ್ರದ್ದೇ ಇರ್ಬೇಕು," ಎಂದ ಬಸ್ ಡ್ರೈವರು.

"ಹಿಂದಿನವೆರಡೂ ಸತ್ತೇ ಹೋಗಿವೆ. ಮಧ್ಯದ್ದೆಲ್ಲಿ? ಈಗ ತಾನೆ ಇತ್ತು! ಹಾಳಾಗ್ಲಿ, ಎಂಟನ್ನೂ ಒಂದೇ ಸಲ ಕಿತ್ತು ಮತ್ತೆ ಮೊದಲಿಂದ ಸಿಕ್ಕಿಸ್ತೀನಿ. ಯಾವುದು ಎಲ್ಲಿತ್ತೋ, ಆಮೇಲೆ ನೋಡ್ಕೊಂಡ್ರಾಯ್ತು."

ಅಕ್ಕನಿಗೆ ತಟ್ಟನೆ ಹೊಳೆಯಿತು: ಗುಂಡಿ ಒತ್ತದೆಯೇ ತಮ್ಮನ ಮೈಕು ತೆರೆದುಕೊಂಡು ಬಿಟ್ಟಿದೆ! "ಅದು ಹಲ್ಲಲ್ಲ ಕಣ್ರೀ, ಸ್ಪೀಕರಿನ ವಿಷಯ," ಎಂದಳು. ಯಾರು ನಂಬುತ್ತಾರೆ? ಟೈಲರಮ್ಮ ಆಗಲೇ ಚಪ್ಪಲಿ ಹುಡುಕುತ್ತಿದ್ದಳು.

"ಥೂ, ತಪ್ಪೆಲ್ಲಾ ಈ ಹೊಸ ಡ್ರೈವರ್ದೇ!" ಸ್ಪೀಕರು ಗುಡುಗಿತು. "ಇದು ಬಂದಾಗಿಂದ ಎಲ್ಲಾ ಹಾಳು. ಮೊದಲು ಈ ಡ್ರೈವರ್ನ ಬೇರುಸಮೇತ ಕಿತ್ತು ಬಿಸಾಕ್ತೀನಿ. ಹಳೇ ಡ್ರೈವರೇ ಬಂಗಾರದಂಥದ್ದು."

ಬಸ್ ಡ್ರೈವರು ಎದ್ದು ನಿಂತ. "ಅಮ್ಮಾ, ಈ ರೂಟಿಗೆ ನಾನು ಹೊಸಬ ಅಂತ ಇವರಿಗೆ ಹೇಗೆ ಗೊತ್ತಾಯ್ತು? ಮೊನ್ನೆ ಇವರು ಕೈ ತೋರಿಸಿದ್ರೂ ಬಸ್ ನಿಲ್ಲಿಸ್ಲಿಲ್ಲ, ನಿಜ. ಅಷ್ಟಕ್ಕೇ ಬೇರುಸಮೇತವಾ?"

ಅಕ್ಕ ಬಾಗಿಲು ಬಡಿದಳು, ಒದ್ದಳು. ಹೆಡ್‌ಫೋನಿನ ಕಿವಿಗೆ ಅದು ಕೇಳುವುದೆಲ್ಲಿಂದ? ಕೊನೆಗೆ ತನ್ನ ಮೈಕಿಗೆ ಬಾಯಿಟ್ಟು ಅರಚಿದಳು: "ಲೇ, ಬಾಯಿ ಮುಚ್ಚೋ!"

ಎಲ್ಲ ದಾರಿಗಳೂ ಅದಲುಬದಲಾಗಿದ್ದವಲ್ಲ, ಆ ಮಾತು ಹೋಗಿ ಬಿದ್ದದ್ದು ಮೇಷ್ಟ್ರ ತಲೆಯ ಮೇಲಿನ ಸ್ಪೀಕರಿಗೆ. ಮೇಷ್ಟ್ರು ಬೆಚ್ಚಿಬಿದ್ದು, ಹತ್ತಿ ಉಂಡೆಯ ಸಮೇತ ಬಾಯಿ ಮುಚ್ಚಿದರು.

"ಸರ್, ಎದ್ರಾ? ಬಾಯಿ ತೆಗೀರಿ," ಎಂದಿತು ಡಾಕ್ಟರ ದನಿ.

"ಊಂಹೂಂ."

"ತೆಗೀರಿ ಸರ್, ಏನೂ ಆಗಲ್ಲ."

ಅಕ್ಕನಿಗೆ ಮೈಯೆಲ್ಲ ಉರಿಯಿತು, ಮತ್ತೆ ಮೈಕಿಗೆ ಅರಚಿದಳು: "ಮುಚ್ಚು ಅಂದ್ರೆ ಅರ್ಥ ಆಗಲ್ವಾ? ಎದ್ದು ಬಾ ಹೊರಗೆ!"

ಚಿಲಕ ಸರಿಯಿತು. ಹೊರಬಂದವರು ಮೇಷ್ಟ್ರು. ಜೀವಮಾನವಿಡೀ ಮಕ್ಕಳಿಗೆ ಹೇಳಿದ ಮಾತನ್ನು ಯಾರೋ ತಮಗೇ ಹೇಳಿದ್ದಕ್ಕೋ ಏನೋ, ಕುತ್ತಿಗೆಗೆ ಕಟ್ಟಿದ ಕಾಗದದ ಬಟ್ಟೆಯ ಸಮೇತ, ಕೈಕಟ್ಟಿಕೊಂಡು ಅಕ್ಕನ ಮೇಜಿನ ಮುಂದೆ ನಿಂತರು. ಅಕ್ಕನ ಕೋಪವೆಲ್ಲ ಜರ್ರನೆ ಇಳಿದುಹೋಯಿತು.

"ಅಯ್ಯೋ, ನಿಮಗಲ್ಲ ಸರ್! ತೆಗೀರಿ ಬಾಯಿ."

ಅಪ್ಪಣೆ ಸಿಕ್ಕಿದ ಮೇಲೆ ಮೇಷ್ಟ್ರು ಬಾಯಿ ತೆರೆದರು. ಟೈಲರಮ್ಮ ಮೊಬೈಲಿನ ಬೆಳಕು ಹಿಡಿದಳು, ಬಸ್ ಡ್ರೈವರು ಬಗ್ಗಿ ಎಣಿಸಿದ. ಒಮ್ಮೆ ಒಂದು ಲೆಕ್ಕ ಬಂತು, ಮತ್ತೊಮ್ಮೆ ಇನ್ನೊಂದು. ಮೇಷ್ಟ್ರಿಗೆ ಸಹಿಸಲಾಗಲಿಲ್ಲ. ಜೋಮು ಹಿಡಿದ ನಾಲಿಗೆಯಲ್ಲೇ "ಯೆಕ್ಕ ಕಪ್ಪು! ಮೊಯಯಿಂಯ ಎಯಿಸಿ!" ಎಂದು ಗದರಿದರು. ಲೆಕ್ಕ ತಪ್ಪು, ಮೊದಲಿಂದ ಎಣಿಸಿ ಎಂದು ಎಲ್ಲರಿಗೂ ಅರ್ಥವಾಯಿತು. ಎಣಿಸಿದರು. ಒಂದೂ ಕಡಿಮೆಯಾಗಿರಲಿಲ್ಲ.

ಹೆಡ್‌ಫೋನನ್ನು ಕುತ್ತಿಗೆಗೆ ಇಳಿಸಿಕೊಂಡು ಹೊರಬಂದ ಡಾಕ್ಟರು ಈ ಮೆರವಣಿಗೆ ನೋಡಿ ಕಣ್ಣು ಕಣ್ಣು ಬಿಟ್ಟ. ಅಕ್ಕ ನಡೆದದ್ದೆಲ್ಲ ಹೇಳಿ, ಅವನನ್ನು ಒಳಕ್ಕೆ ಎಳೆದೊಯ್ದು ಪಕ್ಕದಲ್ಲೇ ನಿಂತಳು. ಹೊಸ ಡ್ರೈವರ್ ಇಡೀ ಕ್ಲಿನಿಕ್ಕನ್ನು ಒಂದೇ ಸಿನಿಮಾ ಹಾಲ್ ಎಂದು ತಿಳಿದು, ಹೊರಗಿನ ಕೋಣೆಯನ್ನು ಮುಂದಿನ ಸಾಲು, ಮೇಷ್ಟ್ರ ಕುರ್ಚಿಯನ್ನು ಹಿಂದಿನ ಸಾಲು ಮಾಡಿತ್ತು. ಡಾಕ್ಟರು ಹಳೇ ಡ್ರೈವರನ್ನು ವಾಪಸ್ ಹಾಕಿದ, ಒಂದೊಂದು ಸ್ಪೀಕರಿಗೂ ಅದರದರ ದಾರಿ ತೋರಿಸಿದ, ಮೈಕು ಮುಚ್ಚಿದ. ಪ್ರತಿ ಸಲವೂ ಅಕ್ಕ ಹೊರಗೆ ಹೋಗಿ ಕೇಳಿಬಂದು ತಲೆಯಾಡಿಸಿದ ಮೇಲೆಯೇ ಮುಂದಿನದು.

ಮೇಷ್ಟ್ರ ಹಲ್ಲು ತುಂಬಿ ಮುಗಿಯಿತು. ಇನ್ನು ಬಸ್ ಡ್ರೈವರ ಸರದಿ. ಅವನು ಹೊಸ್ತಿಲಲ್ಲೇ ನಿಂತ.

"ಡಾಕ್ಟ್ರೇ, ಬಸ್ಸಿನ ವಿಷಯ ಮನಸ್ಸಲ್ಲಿ ಇಟ್ಕೋಬೇಡಿ."

"ಯಾವ ಬಸ್ಸು? ಓಹೋ, ಮೊನ್ನೆ ನನ್ನ ಬಿಟ್ಟು ಹೋದೋರು ನೀವೇನಾ?"

ಡ್ರೈವರು ಹಿಂದಕ್ಕೆ ಹೆಜ್ಜೆ ಇಟ್ಟ. ಅಕ್ಕ ತಮ್ಮನನ್ನು ಒಂದು ನೋಟ ನೋಡಿದಳು. ಅವನು ಅಪರೂಪಕ್ಕೆ ಬಾಯಿ ಮುಚ್ಚಿದ. ಯಾರಾದರೂ ಜೊತೆಗಿದ್ದರೆ ಮಾತ್ರ ಕೂರುತ್ತೇನೆಂದು ಡ್ರೈವರು ಹಟ ಹಿಡಿದಾಗ, ಮೇಷ್ಟ್ರೇ ಸ್ಟೂಲು ಎಳೆದುಕೊಂಡು ಪಕ್ಕದಲ್ಲಿ ಕೂತು ಕೈ ಕೊಟ್ಟರು. ಹಲ್ಲು ಸಲೀಸಾಗಿ ಬಂತು. ಡ್ರೈವರ ಮುಷ್ಟಿಯಿಂದ ಮೇಷ್ಟ್ರ ಕೈ ಬಿಡಿಸುವುದಕ್ಕೆ ಮಾತ್ರ ಡಾಕ್ಟರು, ಅಕ್ಕ, ಟೈಲರಮ್ಮ ಮೂವರೂ ಸೇರಿ ಎಳೆಯಬೇಕಾಯಿತು.