ಕಸಿಚಾಕು

"ಅಲ್ಲೇ ನಿಂತ್ಕೋ. ಇನ್ನೊಂದು ಹೆಜ್ಜೆ ಇಟ್ರೆ ಚೆನ್ನಾಗಿರಲ್ಲ."

ಹಿತ್ತಲ ಗೇಟು ದಾಟುತ್ತಿದ್ದವಳು ಅಪ್ಪನ ದನಿ ಕೇಳಿ ನಕ್ಕಳು. ತಾತ ಮೊಮ್ಮಗಳ ಕಳ್ಳ ಪೊಲೀಸ್ ಆಟ ಇನ್ನೂ ಮುಗಿದಿಲ್ಲ ಅಂದುಕೊಂಡಳು. ಬೆಳಗ್ಗೆ ಆರರಿಂದ ಆಸ್ಪತ್ರೆಯ ಲ್ಯಾಬಿನಲ್ಲಿ ನಿಂತು ನಲವತ್ತು ಜನರ ರಕ್ತ ತೆಗೆದು ಬಂದಿದ್ದಳು; ಮೈಮೇಲಿನ ಬಿಳಿ ಕೋಟು ಕೂಡ ಹಾಗೇ ಇತ್ತು. ಅಡುಗೆಮನೆಯ ಬಾಗಿಲ ಬಳಿ ಚಪ್ಪಲಿ ಬಿಡಲು ಬಗ್ಗಿದವಳಿಗೆ ಅಪ್ಪನ ಬಲಗೈ ಕಂಡಿತು.

ಚಾಕು ತೆರೆದಿತ್ತು.

ನೀರಿನ ತೊಟ್ಟಿಗೂ ಕಾಂಪೌಂಡಿಗೂ ನಡುವಿನ ಮೂಲೆಯಲ್ಲಿ ಅಪ್ಪ ಬೆನ್ನು ಆನಿಸಿ ನಿಂತಿದ್ದ. ಎಡಗೈ ಮೊಮ್ಮಗಳು ಚೋಟಿಯ ಹೆಗಲನ್ನು ಹಿಡಿದು ತನ್ನ ಹೊಟ್ಟೆಗೆ ಒತ್ತಿಕೊಂಡಿತ್ತು. ನಾಲ್ಕು ವರ್ಷವಾದರೂ ಚೋಟುದ್ದವೇ ಇದ್ದ ಹುಡುಗಿಯ ಕಿವಿಯ ಮಟ್ಟಕ್ಕೆ ಸರಿಯಾಗಿ ಚಾಕಿನ ಮೊನೆ ಬಂದಿತ್ತು.

"ಅಪ್ಪಾ, ಏನಿದು? ನಾನು."

"ಯಾರಿಗೆ ಅಪ್ಪ? ನೀನ್ಯಾರು? ಮಗೂನ ಎತ್ಕೊಂಡು ಹೋಗೋಕೆ ಬಂದಿದ್ದೀಯ?"

ಅಪ್ಪನ ಕಣ್ಣಲ್ಲಿ ಆಟವಿರಲಿಲ್ಲ. ಕೋಪವೂ ಅಲ್ಲ ಅದು, ಹೆದರಿಕೆ. ಸೂಜಿ ಕಂಡೊಡನೆ ಕುರ್ಚಿಯಿಂದ ಎದ್ದು ಓಡುವ ಗಟ್ಟಿ ಗಂಡಸರ ಕಣ್ಣಲ್ಲಿ ದಿನಾ ನೋಡುವಂಥದ್ದೇ. ಹೆದರಿದವನ ಕೈಯ ಅಲಗು ಯಾವ ಕಡೆ ತಿರುಗುತ್ತದೆಂದು ಹೇಳಲಾಗುವುದಿಲ್ಲ ಎಂಬುದು ಅವಳಿಗೆ ಗೊತ್ತಿತ್ತು.

ಮರೆವು ಶುರುವಾಗಿದೆ ಎಂದು ಡಾಕ್ಟರು ಹೇಳಿ ಎಂಟು ತಿಂಗಳಾಗಿತ್ತು. ಕನ್ನಡಕವನ್ನು ಅಕ್ಕಿ ಡಬ್ಬಿಯಲ್ಲಿಡುವುದು, ತಿಂದ ಊಟವನ್ನೇ ತಿಂದಿಲ್ಲವೆನ್ನುವುದು, ಎಲ್ಲ ನಡೆದಿತ್ತು. ಆದರೆ ಮಗಳ ಮುಖ ಮರೆತದ್ದು ಇದೇ ಮೊದಲು. ಬಸ್ ಓಡಿಸುವ ಗಂಡ ಎರಡು ಸಲ ಎಚ್ಚರಿಸಿದ್ದ. "ಆ ಚಾಕು ಮೊದಲು ತೆಗೆದಿಡು. ನಿಮ್ಮಪ್ಪನಿಗೆ ಅಳಿಯ ಇಲ್ಲದಿದ್ರೂ ನಡೆಯುತ್ತೆ, ಚಾಕು ಇಲ್ಲದಿದ್ರೆ ನಡೆಯಲ್ಲ, ಗೊತ್ತು. ಆದರೂ ತೆಗೆದಿಡು." ಅವಳು ಸಿಡುಕಿದ್ದಳು. ನಲವತ್ತೊಂದು ವರ್ಷ ಹೂಗಿಡದ ನರ್ಸರಿಯಲ್ಲಿ ಕಸಿ ಕಟ್ಟಿದ ಕೈ ಅದು. ಮೊದಲ ಗಿಡ ಚಿಗುರಿದ ದಿನ ಹಿರಿಯ ಮಾಲಿ ತನ್ನ ಜೇಬಿನಿಂದ ತೆಗೆದುಕೊಟ್ಟ ಚಾಕು. ಕಪ್ಪು ಕೊಂಬಿನ ಹಿಡಿ. ಮಸೆದು ಮಸೆದು ಎಲೆಯಷ್ಟು ತೆಳುವಾದ ಅಲಗು. ಅವಳ ಶಾಲೆಯ ಪೆನ್ಸಿಲುಗಳನ್ನೆಲ್ಲ ಚೂಪು ಮಾಡಿದ್ದು ಅದೇ. ಮಾತು ಒಂದೊಂದೇ ಉದುರುತ್ತಿರುವ ಮನುಷ್ಯನ ಜೇಬಿನಿಂದ ಅದನ್ನೂ ಕಿತ್ತುಕೊಂಡರೆ ಉಳಿಯುವುದೇನು ಎಂದು ವಾದಿಸಿದ್ದಳು. ಪಕ್ಕದ ಮನೆಯವರು ಮಗುವನ್ನು ಶಿಶುವಿಹಾರದಿಂದ ತಂದು ಬಿಟ್ಟಮೇಲೆ ತಾನು ಬರುವತನಕ ಒಂದೇ ಒಂದು ಗಂಟೆ. ಒಂದು ಗಂಟೆಯಲ್ಲಿ ಏನಾಗುತ್ತೆ ಎಂದೂ ಅಂದಿದ್ದಳು.

"ಅಮ್ಮಾ..." ಚೋಟಿ ಮೊದಲು ಕಿಸಕ್ಕನೆ ನಕ್ಕಳು. ಆಮೇಲೆ ತಾತನ ಬೆರಳು ಹೆಗಲಿಗೆ ಇನ್ನಷ್ಟು ನಾಟಿತೇನೋ, ತುಟಿ ಸೊಟ್ಟಗಾಯಿತು. "ತಾತ, ನೋಯುತ್ತೆ. ಬಿಡು."

"ಅಲ್ಲಾಡಬೇಡ ಮಗಾ. ನಾನಿದ್ದೀನಲ್ಲ."

ಚೋಟಿ ಕೊಸರಿದಳು. ಚಾಕಿನ ಮೊನೆ ಅವಳ ಕೂದಲನ್ನು ಸವರಿಕೊಂಡು ಹೋಯಿತು. ನುಗ್ಗಿ ಮಗಳನ್ನು ಎಳೆದುಕೊಳ್ಳೋಣವೆಂದರೆ ನಾಲ್ಕು ಹೆಜ್ಜೆ ದೂರ. ಕಿರುಚಿದರೆ ಬೀದಿಯವರು ಓಡಿಬರುತ್ತಾರೆ, ಅಪ್ಪ ಇನ್ನಷ್ಟು ಮೂಲೆಗೆ ಸರಿಯುತ್ತಾನೆ.

ಲ್ಯಾಬಿನಲ್ಲಾದರೆ ಹೆದರಿದವರನ್ನು ಬೇರೆ ಮಾತಿಗೆ ಎಳೆಯುತ್ತಿದ್ದಳು. ಯಾವ ಕೆಲಸ ಮಾಡ್ತೀರಿ, ದಿನಾ ಎಷ್ಟು ಹೊತ್ತಿಗೆ ಏಳ್ತೀರಿ. ಅವರು ತಮ್ಮ ಕೆಲಸದ ಸುದ್ದಿ ಹೇಳುವಷ್ಟರಲ್ಲಿ ಸೂಜಿ ಒಳಗೆ ಹೋಗಿ ಹೊರಗೆ ಬಂದಿರುತ್ತಿತ್ತು.

ಅವಳು ಎರಡೂ ಕೈ ಕಾಣುವಂತೆ ಮುಂದಕ್ಕೆ ಹಿಡಿದಳು.

"ಯಜಮಾನ್ರೇ, ತಪ್ಪು ತಿಳ್ಕೋಬೇಡಿ. ಗುಲಾಬಿ ಕಸಿ ಕಟ್ಟಿಸ್ಬೇಕಿತ್ತು. ನೀವು ಕಟ್ಟಿದ್ದು ಒಂದೂ ಸಾಯಲ್ಲ ಅಂತ ಯಾರೋ ಅಂದ್ರು. ಅದಕ್ಕೇ ಹುಡುಕ್ಕೊಂಡು ಬಂದೆ."

ಅಪ್ಪ ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದ. ಕೋಟಿನ ಗುಂಡಿಗಳನ್ನು ಎಣಿಸುತ್ತಿರುವಂತೆ ಕಣ್ಣು ನಿಧಾನ ಇಳಿದು ಮೇಲಕ್ಕೆ ಬಂತು.

"ಒಂದೂ ಸಾಯಲ್ಲ ಅಂತ ಯಾರಂದ್ರು? ನೂರಕ್ಕೆ ಐದು ಹೋಗುತ್ತೆ," ಅಂದ. "ಬುಡ ಎಷ್ಟು ದಪ್ಪ ಇದೆ?"

"ಪೆನ್ಸಿಲಿನಷ್ಟು."

"ಅಷ್ಟಿದ್ರೆ ಆಯ್ತು. ಕಣ್ಣು ತಂದಿದ್ದೀರಾ?"

ಏಕವಚನ ಹೋಗಿ ಬಹುವಚನ ಬಂದಿತ್ತು. ಕಣ್ಣೆಂದರೆ ಮೊಗ್ಗು ಎಂದು ಅವಳಿಗೆ ಚಿಕ್ಕಂದಿನಿಂದ ಗೊತ್ತು. ಗೋಡೆಯ ಬದಿ ಕುಂಡದಲ್ಲಿದ್ದ ಗುಲಾಬಿಯ ಕೊಂಬೆಗೆ ಕೈ ಹಾಕಿ ಲಟಕ್ಕನೆ ಮುರಿದಳು. ಮುಳ್ಳು ಅಂಗೈಗೆ ಹೊಕ್ಕು ಒಳಗೇ ಮುರಿಯಿತು. ತೊಟ್ಟಿಯ ಕಟ್ಟೆಯ ಮೇಲೆ ಕೊಂಬೆ ಇಟ್ಟು, ಪಕ್ಕಕ್ಕೆ ಬುಡಕ್ಕಾಗುವ ಕಾಡುಗುಲಾಬಿಯ ಕುಂಡವನ್ನು ತಳ್ಳಿ, ಎರಡು ಹೆಜ್ಜೆ ಹಿಂದೆ ಸರಿದಳು.

ಅಪ್ಪ ಕೊಂಬೆ ನೋಡಿದ. ಕುಂಡ ನೋಡಿದ. ಕಸಿಗೆ ಎರಡೂ ಕೈ ಬೇಕು. ಎಡಗೈ ಚೋಟಿಯ ಹೆಗಲ ಮೇಲೆ ಇನ್ನೂ ಒಂದು ಗಳಿಗೆ ಇತ್ತು. ಆಮೇಲೆ ಅದು ತಾನಾಗಿ ಎದ್ದು ಕೊಂಬೆಯತ್ತ ಹೋಯಿತು.

"ಪಾಪು," ಅವಳು ದನಿ ನಡುಗದಂತೆ ಅಂದಳು, "ಯಜಮಾನ್ರಿಗೆ ಬಾಯಾರಿರುತ್ತೆ. ಒಳಗೆ ಹೋಗಿ ಒಂದು ಲೋಟ ನೀರು ತರ್ತೀಯಾ? ಓಡಬೇಡ. ನಿಧಾನ ನಡಿ."

ಚೋಟಿ ನಡೆದಳು. ತನ್ನ ಪಕ್ಕದಿಂದಲೇ ಹಾದುಹೋದ ಮಗುವನ್ನು ಅವಳು ಮುಟ್ಟಲಿಲ್ಲ, ತಿರುಗಿಯೂ ನೋಡಲಿಲ್ಲ. ಹಿಂದೆ ಅಡುಗೆಮನೆಯ ಬಾಗಿಲು ಕಿರುಗುಟ್ಟಿತು.

ಅಪ್ಪ ಕುಂಡದ ಮುಂದೆ ಕೂತು ಕೆಲಸಕ್ಕಿಳಿದಿದ್ದ. ಲೋಟ ಹಿಡಿದರೆ ನೀರು ಚೆಲ್ಲುವ ಕೈ ಚಾಕು ಹಿಡಿದಾಗ ಚೂರೂ ಅಲುಗುತ್ತಿರಲಿಲ್ಲ. ಸಿಪ್ಪೆಯ ಮೇಲೊಂದು ಅಡ್ಡ ಗೀಟು, ಒಂದು ಉದ್ದ ಗೀಟು. ಅಲಗಿನ ತುದಿಯಿಂದ ಸಿಪ್ಪೆ ಬಿಡಿಸಿ, ಕಣ್ಣನ್ನು ಒಳಗೆ ಕೂರಿಸಿ, ಅಂಗಿಯ ಜೇಬಿನ ಪ್ಲಾಸ್ಟಿಕ್ ಪಟ್ಟಿಯಿಂದ ಸುತ್ತಿದ. "ಕಣ್ಣಿಗೆ ಗಾಳಿ ಆಡಬೇಕು, ನೀರು ಹೋಗಬಾರದು. ಗೊತ್ತಾಯ್ತಾ?"

"ಗೊತ್ತಾಯ್ತು," ಎಂದಳು. ಅವಳ ಗಮನವೆಲ್ಲ ಆ ಚಾಕಿನ ಮೇಲಿತ್ತು. "ಯಜಮಾನ್ರೇ, ಒಂದು ಮಾತು. ಆಯುಧ ಸ್ವಲ್ಪ ಮೊಂಡಾಗಿಲ್ವಾ? ನಮ್ಮನೆ ಹತ್ರ ಸಾಣೆಯವರಿದ್ದಾರೆ..."

"ಮೊಂಡಾ?"

ಅಪ್ಪ ಸರಕ್ಕನೆ ಎದ್ದ. ಚಾಕಿನ ಮೊನೆ ಅವಳ ಎದೆಗೆ ನೇರವಾಗಿತ್ತು. ಎರಡು ಹೆಜ್ಜೆ ಅವನೇ ಮುಂದೆ ಬಂದ. ಅವನ ಉಸಿರಿನ ಬಿಸಿ ಮುಖಕ್ಕೆ ತಾಕುವಷ್ಟು ಹತ್ತಿರ. ಅವಳು ಕಣ್ಣು ಮುಚ್ಚಬಾರದೆಂದು ಹಲ್ಲು ಕಚ್ಚಿ ನಿಂತಳು. ಅಪ್ಪ ತನ್ನ ಎಡ ಮುಂಗೈಯ ಬಿಳಿ ರೋಮದ ಮೇಲೆ ಅಲಗನ್ನು ಸರ್ರನೆ ಎಳೆದ. ಅಂಗೈಯಗಲದ ಜಾಗ ನುಣ್ಣಗಾಯಿತು.

"ಇದು ಮೊಂಡಾ? ನೀವೇ ನೋಡ್ರೀ!"

ಚಾಕು ಟಪ್ಪೆಂದು ಮಡಿಸಿ, ಹಿಡಿಯನ್ನು ಅವಳ ಕಡೆ ಮಾಡಿ ಚಾಚಿದ.

ಅವಳು ತೆಗೆದುಕೊಂಡಳು. ಕೊಂಬು ಬೆಚ್ಚಗಿತ್ತು. ನೋಡುವವಳಂತೆ ಒಮ್ಮೆ ತಿರುಗಿಸಿ, ಅಪ್ಪ ಪಟ್ಟಿಯನ್ನು ಸರಿಪಡಿಸಲು ಬಗ್ಗಿದಾಗ ಕೋಟಿನ ಜೇಬಿಗೆ ಇಳಿಸಿದಳು.

ಅಪ್ಪ ತೊಟ್ಟಿಯ ಕಟ್ಟೆ ಹಿಡಿದು ಸೊಂಟ ನೆಟ್ಟಗೆ ಮಾಡಿದ. ಬಿಸಿಲಿಗೆ ಕಣ್ಣು ಕಿರಿದು ಮಾಡಿ ಅವಳನ್ನೇ ನೋಡಿದ.

"ಅರೆ! ಯಾವಾಗ ಬಂದೆ ಮಗಾ? ಕೈಯಲ್ಲೇನು, ರಕ್ತ?"

"ಮುಳ್ಳು ಅಪ್ಪ."

"ಎಲ್ಲಿ, ಕೊಡಿಲ್ಲಿ. ಒಳಗೇ ಮುರಿದಿದೆ ನೋಡು. ತಡಿ, ಎರಡೇ ನಿಮಿಷ, ತೆಗೆದುಬಿಡ್ತೀನಿ." ಅವಳ ಅಂಗೈಯನ್ನು ತನ್ನ ಅಂಗೈ ಮೇಲಿಟ್ಟುಕೊಂಡು, ಇನ್ನೊಂದು ಕೈಯನ್ನು ಪ್ಯಾಂಟಿನ ಜೇಬಿಗೆ ಹಾಕಿದ. ಬಲ ಜೇಬು. ಎಡ ಜೇಬು. ಅಂಗಿಯ ಜೇಬು. ಮತ್ತೆ ಬಲ ಜೇಬು.

"ನನ್ನ ಚಾಕು ನೋಡಿದ್ಯಾ?"

"ಇಲ್ಲ ಅಪ್ಪ."

"ಇಲ್ಲೇ ಇತ್ತಲ್ಲ. ಈಗ ತಾನೇ ಕೈಯಲ್ಲಿತ್ತು..."

ಅಪ್ಪ ಮಂಡಿಯೂರಿ ಕುಂಡಗಳ ನಡುವೆ ಕೈಯಾಡಿಸತೊಡಗಿದ. ಅಡುಗೆಮನೆಯ ಕಿಟಕಿಯ ಸರಳು ಹಿಡಿದು ಅಷ್ಟು ಹೊತ್ತೂ ನೋಡುತ್ತಿದ್ದ ಚೋಟಿ ನೀರಿನ ಲೋಟ ಹಿಡಿದು ಹೊರಗೆ ಬಂದಳು. ಅರ್ಧ ನೀರು ಫ್ರಾಕಿನ ಮೇಲೆ ಚೆಲ್ಲಿತ್ತು. ಬಂದವಳು ಅಮ್ಮನ ಕೋಟಿನ ಹಿಂದೆ ಅವಿತುಕೊಂಡಳು. ಉಬ್ಬಿದ ಜೇಬನ್ನು ನೋಡಿದಳು. ತಲೆಯೆತ್ತಿ ಅಮ್ಮನ ಮುಖ ನೋಡಿದಳು.

"ಕಪ್ಪು ಹಿಡಿ, ಕೊಂಬಿಂದು," ಅಪ್ಪ ನೆಲಕ್ಕೆ ಹೇಳುವಂತೆ ಹೇಳುತ್ತಿದ್ದ. "ಎಲ್ಲಿ ಬೀಳಿಸ್ಕೊಂಡೆನೋ."

ಚೋಟಿ ಲೋಟವನ್ನು ಕಟ್ಟೆಯ ಮೇಲಿಟ್ಟಳು. ತಾತನಿಂದ ಎರಡು ಕುಂಡದಷ್ಟು ದೂರ ಬಿಟ್ಟು ಕುಕ್ಕರಗಾಲಲ್ಲಿ ಕೂತು, ಒಂದೊಂದೇ ಎಲೆಯನ್ನು ಎತ್ತಿ ಕೆಳಗೆ ಇಣುಕಿದಳು.

"ಇಲ್ಲೂ ಇಲ್ಲ ತಾತ," ಅಂದಳು. "ಇಲ್ಲೂ ಇಲ್ಲ."