ಎಲ್ ಒನ್ ಲ್ಯಾಪ್‌ಟಾಪ್

ನನ್ನ ಗಂಡ ಕೇಶವಮೂರ್ತಿ ದೆಹಲಿಯ ಒಂದು ಸಚಿವಾಲಯದಲ್ಲಿ ಖರೀದಿ ವಿಭಾಗದ ಅಧಿಕಾರಿ. ಮೂವತ್ತೊಂದು ವರ್ಷದಿಂದ ಸರ್ಕಾರಕ್ಕೆ ಕುರ್ಚಿ, ಫ್ಯಾನು, ಕಾಗದ, ಕಸದ ಬುಟ್ಟಿ ಕೊಂಡುಕೊಟ್ಟಿದ್ದಾರೆ. ಆ ಕುರ್ಚಿಗಳ ಮೇಲೆ ಕೂತವರ ಸೊಂಟ ಏನಾಯಿತೆಂದು ಇವರನ್ನು ಯಾರೂ ಕೇಳಿಲ್ಲ, ಏಕೆಂದರೆ ಅವೆಲ್ಲ ಎಲ್ ಒನ್ ಕುರ್ಚಿಗಳು. ಎಲ್ ಒನ್ ಎಂದರೆ ಟೆಂಡರ್ ಹಾಕಿದವರಲ್ಲಿ ಎಲ್ಲರಿಗಿಂತ ಕಡಿಮೆ ಬೆಲೆ ಹೇಳಿದವನು. ಅವನಿಂದ ಕೊಂಡರೆ ಸಾಮಾನು ಹೇಗೇ ಇರಲಿ, ಕೊಂಡವನ ನೌಕರಿ ಭದ್ರ.

ಈ ಚಾಳಿ ಮನೆಯೊಳಗೂ ಬಂತು. ನಮ್ಮ ಸರೋಜಿನಿ ನಗರದ ಕ್ವಾರ್ಟರ್ಸಿಗೆ ಒಂದು ಬಕೆಟ್ ಬರಬೇಕಾದರೂ ಮೂರು ಅಂಗಡಿಯ ಬೆಲೆ ಬರಬೇಕು. ಅವರು ಗೆರೆ ಎಳೆದ ಹಾಳೆಯ ಮೇಲೆ ಮೂರನ್ನೂ ಬರೆದು, ಎಲ್ಲಕ್ಕಿಂತ ಕಡಿಮೆಯದಕ್ಕೆ ಟಿಕ್ ಹಾಕಿ, ಸಹಿ ಮಾಡುತ್ತಾರೆ. ನಾನು ಮದುವೆಯಾದ ಎರಡನೇ ವರ್ಷಕ್ಕೇ ಒಂದೇ ಅಂಗಡಿಯಲ್ಲಿ ಕೂತು ಮೂರು ಬೆಲೆ ಬರೆಸಿಕೊಂಡು ಬರುವುದನ್ನು ಕಲಿತೆ. ಇದು ನನ್ನ ಸ್ವಂತ ಬುದ್ಧಿ ಎಂದು ಬೀಗುತ್ತಿದ್ದೆ. ನಮ್ಮ ಎಲ್ ಒನ್ ಮಿಕ್ಸಿಯಲ್ಲಿ ಚಟ್ನಿ ರುಬ್ಬುವಾಗ ಮುಚ್ಚಳ ಒತ್ತಿ ಹಿಡಿಯಲು ಇನ್ನೊಬ್ಬರು ಬೇಕು. ಆ ಕೆಲಸಕ್ಕೆ ನಾನು ಅವರನ್ನೇ ಕರೆಯುತ್ತೇನೆ, ಬೇಕೆಂದೇ.

ಮಗಳು ಹರಿಣಿ ಆರ್ಕಿಟೆಕ್ಚರ್ ಓದುತ್ತಿದ್ದಾಳೆ. ಕಾಲೇಜು ಸೇರಿದಾಗ ಅಪ್ಪ ಎಂದಿನಂತೆ ಹಾಳೆಗೆ ಗೆರೆ ಎಳೆದು, ಇಪ್ಪತ್ತೇಳು ಸಾವಿರದ ಲ್ಯಾಪ್‌ಟಾಪ್ ಕೊಡಿಸಿದರು. ಕಾಗದ ಪತ್ರ ಟೈಪ್ ಮಾಡುವವರಿಗೆ ಅದು ಧಾರಾಳವಾಗಿ ಸಾಕು. ಕಟ್ಟಡದ ಚಿತ್ರಗಳನ್ನು ಅದರಲ್ಲಿ ತೆರೆದರೆ ಮಾತ್ರ ಉಬ್ಬಸ ಬಂದ ಹಾಗೆ ಸದ್ದು ಮಾಡಿ ನಿಂತುಬಿಡುತ್ತಿತ್ತು.

ಕಳೆದ ಡಿಸೆಂಬರಿನಲ್ಲಿ ಅವಳ ಜ್ಯೂರಿ ಇತ್ತು. ತಾವು ಮಾಡಿದ ವಿನ್ಯಾಸವನ್ನು ಮೇಷ್ಟ್ರುಗಳ ಸಾಲಿನ ಮುಂದೆ ತೋರಿಸಿ ಬೈಸಿಕೊಳ್ಳುವುದಕ್ಕೆ ಅವಳ ಕಾಲೇಜಿನಲ್ಲಿ ಹಾಗೆನ್ನುತ್ತಾರೆ. ಹರಿಣಿ ಒಂದು ಗ್ರಂಥಾಲಯ ಮಾಡಿದ್ದಳು. ಅದರ ಚಿತ್ರ ಪೂರ್ತಿ ಸಿದ್ಧವಾಗುವ ಮೊದಲೇ ಲ್ಯಾಪ್‌ಟಾಪ್ ಕಪ್ಪಾಯಿತು, ಮತ್ತೆ ಏಳಲಿಲ್ಲ. ಫೇಲ್ ಮಾಡಿದರು. ಮನೆಗೆ ಬಂದವಳಿಗೆ ಇವರು ಹೇಳಿದ್ದು ಇಷ್ಟು: “ಮುಂಚೇನೇ ತಯಾರಿ ಮಾಡ್ಕೊಂಡಿದ್ರೆ ಹೀಗಾಗ್ತಿರ್ಲಿಲ್ಲ. ಎಲ್ಲ ನಿನ್ನ ಸೋಮಾರಿತನ.” ಅವಳು ಹನ್ನೊಂದು ದಿನ ಅಪ್ಪನ ಹತ್ತಿರ ಮಾತಾಡಲಿಲ್ಲ. ನಾನು ಒಂಬತ್ತು ದಿನ ಮಾತಾಡಲಿಲ್ಲ. ನನಗೆ ಕುಕ್ಕರ್ ಗ್ಯಾಸ್ಕೆಟ್ ಬೇಕಾಗಿದ್ದರಿಂದ ಎರಡು ದಿನ ಮೊದಲೇ ರಾಜಿಯಾದೆ.

ಮಾರ್ಚ್ ಇಪ್ಪತ್ನಾಲ್ಕಕ್ಕೆ ಮರುಜ್ಯೂರಿ. ಅದರಲ್ಲೂ ಹೀಗೇ ಆದರೆ ಒಂದು ವರ್ಷ ಹೋಯಿತು. ಫೆಬ್ರವರಿಯ ಒಂದು ಬೆಳಿಗ್ಗೆ ಉಪ್ಪಿಟ್ಟು ತಿನ್ನುತ್ತಾ ಹರಿಣಿ ಫೋನಿನಲ್ಲಿ ಒಂದು ಬೆಳ್ಳಿ ಬಣ್ಣದ ಲ್ಯಾಪ್‌ಟಾಪ್ ತೋರಿಸಿದಳು.

“ಅಪ್ಪಾ, ಮುಝೇ ಯೇ ಚಾಹಿಯೇ. ಕ್ಲಾಸ್‌ನಲ್ಲಿ ಎಲ್ಲರ ಹತ್ರ ಇದೆ.”

ಅಪ್ಪ ಕನ್ನಡಕ ಏರಿಸಿ ಬೆಲೆ ನೋಡಿದರು. ಒಂದು ಲಕ್ಷದ ನಲವತ್ತೆಂಟು ಸಾವಿರ. ಉಪ್ಪಿಟ್ಟಿನ ಚಮಚ ಕೆಳಗಿಟ್ಟರು.

“ಮೂವತ್ತೊಂಬತ್ತೂವರೆ ಸಾವಿರಕ್ಕೆ ಬರೋದೂ ಇದೆ. ಅದರಲ್ಲೂ ಸ್ಕ್ರೀನ್ ಇರತ್ತೆ, ಕೀಬೋರ್ಡ್ ಇರತ್ತೆ. ಮಿಕ್ಕ ಒಂದು ಲಕ್ಷಕ್ಕೆ ಅವರು ಏನು ಕೊಡ್ತಾರೆ? ಅದರ ಮೇಲಿನ ಬಿಲ್ಲೆ ತಾನೇ?”

“ಅಪ್ಪಾ, ಅದು ಬಿಲ್ಲೆ ಅಲ್ಲ. ಇಟ್ ಜಸ್ಟ್ ವರ್ಕ್ಸ್.”

“ನಾನೂ ಕೆಲಸ ಮಾಡ್ತೀನಿ. ನನಗೆ ಯಾರೂ ಬಿಲ್ಲೆ ಹಚ್ಚಿಲ್ಲ.”

ಹರಿಣಿ ಅಳುತ್ತಾಳೆ ಎಂದುಕೊಂಡೆ. ಅಳಲಿಲ್ಲ. ಇಪ್ಪತ್ತು ವರ್ಷ ಊಟದ ಜೊತೆ ಟೆಂಡರು ನೆಂಚಿಕೊಂಡು ಬೆಳೆದ ಹುಡುಗಿ. ಸಂಜೆ ಒಂದು ಹಾಳೆ ತಂದು ಅಪ್ಪನ ಮುಂದಿಟ್ಟಳು.

“ಟೂ ಬಿಡ್ ಮಾಡಿ ಅಪ್ಪಾ. ಟೆಕ್ನಿಕಲ್ ಮೊದಲು.”

ನನಗೆ ಇದು ತಿಳಿದಿದ್ದು ಆಮೇಲೆ. ದೊಡ್ಡ ಖರೀದಿಯಲ್ಲಿ ಎರಡು ಲಕೋಟೆ ಇರುತ್ತವಂತೆ. ಒಂದರಲ್ಲಿ ಸಾಮಾನಿನ ಗುಣ, ಇನ್ನೊಂದರಲ್ಲಿ ಬೆಲೆ. ಮೊದಲು ಗುಣದ ಲಕೋಟೆ ಒಡೆದು ಪರೀಕ್ಷೆ ಮಾಡಬೇಕು. ಅದರಲ್ಲಿ ನಪಾಸಾದವನ ಬೆಲೆಯ ಲಕೋಟೆಯನ್ನು ಒಡೆಯುವುದೇ ಇಲ್ಲ. ಕಡಿಮೆ ಬೆಲೆಯವನನ್ನು ಬಾಗಿಲಲ್ಲೇ ತಡೆಯುವ ಕಾನೂನು ಅದೊಂದೇ, ಅದನ್ನು ನನ್ನ ಮಗಳು ಹುಡುಕಿ ತೆಗೆದಿದ್ದಳು. ಅವಳು ಮೊದಲ ಸಲ ಅಪ್ಪ ಎಂದಾಗಲೂ ಇವರ ಮುಖ ಅಷ್ಟು ಅರಳಿರಲಿಲ್ಲ.

ಆದರೂ ಕೆಂಪು ಪೆನ್ನು ತೆಗೆದರು. ತೂಕ ಒಂದೂಕಾಲು ಕೆಜಿಗಿಂತ ಕಡಿಮೆ ಇರಬೇಕು, ಮೈ ಪೂರ್ತಿ ಅಲ್ಯುಮಿನಿಯಂ ಆಗಿರಬೇಕು, ಬಣ್ಣ ಬೆಳ್ಳಿಯದಾಗಿರಬೇಕು ಎಂದೆಲ್ಲ ಅವಳು ಬರೆದಿದ್ದಳು.

“ಇದು ಒಬ್ಬನ ಅಳತೆಗೇ ಹೊಲಿದ ಷರತ್ತು. ಇಂಥದ್ದನ್ನ ನಾನು ವಾಸನೆಯಲ್ಲೇ ಹಿಡೀತೀನಿ,” ಎಂದು ಒಂದೊಂದನ್ನೇ ಹೊಡೆದು ಹಾಕಿದರು. ಕೊನೆಯದು ಮಾತ್ರ ಉಳಿಯಿತು: ಹರಿಣಿಯ ಗ್ರಂಥಾಲಯದ ಪೂರ್ತಿ ಚಿತ್ರ ಹದಿನೈದು ನಿಮಿಷದೊಳಗೆ ಸಿದ್ಧವಾಗಬೇಕು. ಅದರ ಕೆಳಗೆ ತಾವೇ ಒಂದು ಸಾಲು ಸೇರಿಸಿದರು. ಹಳೆಯ ಲ್ಯಾಪ್‌ಟಾಪಿನ ಪರೀಕ್ಷೆಯೂ ಆಗತಕ್ಕದ್ದು.

“ಹಳೇದು ಯಾಕ್ರೀ?” ಎಂದೆ.

“ಇರೋದು ಕೆಲಸಕ್ಕೆ ಬರಲ್ಲ ಅಂತ ದಾಖಲೆ ಬೇಕು ರತ್ನಾ. ಇಲ್ದಿದ್ರೆ ಹೊಸದು ಯಾಕೆ ಅಂತ ಆಡಿಟ್ ಕೇಳತ್ತೆ.”

“ನಮ್ಮನೇಲಿ ಆಡಿಟ್ ಯಾರು?”

ಅವರು ನನ್ನನ್ನೇ ನೋಡಿದರು.

ಶನಿವಾರ ಮೂವರೂ ಮೆಟ್ರೋ ಹತ್ತಿ, ಲಜಪತ್ ನಗರದಲ್ಲಿ ಬದಲಿಸಿ, ನೆಹರೂ ಪ್ಲೇಸಿನಲ್ಲಿ ಇಳಿದೆವು. ನನ್ನ ಚೀಲದಲ್ಲಿ ಮೊಸರನ್ನ, ಹರಿಣಿಯ ಚೀಲದಲ್ಲಿ ಹಳೆಯ ಲ್ಯಾಪ್‌ಟಾಪ್. ಅಭಿಷೇಕ್ ಎಂಬವನ ಅಂಗಡಿಗೆ ಹೋದೆವು. ಆರ್ಕಿಟೆಕ್ಚರ್ ಮಕ್ಕಳು ಅಲ್ಲಿಗೆ ಬರುತ್ತಲೇ ಇರುವುದರಿಂದ ತೋರಿಸಲು ಇಟ್ಟ ಯಂತ್ರಗಳಲ್ಲಿ ಅವಳ ಸಾಫ್ಟ್‌ವೇರ್ ಮೊದಲೇ ಇತ್ತು. ಇವರು ಹಾಳೆಗೆ ಗೆರೆ ಎಳೆಯಲು ಶುರುಮಾಡಿದಾಗ ಅಭಿಷೇಕ್ ನನ್ನ ಕಡೆ ತಿರುಗಿ ಮೆತ್ತಗೆ ಕೇಳಿದ: “ಆಂಟೀಜೀ, ಅಂಕಲ್ ಇನ್ಕಮ್ ಟ್ಯಾಕ್ಸ್‌ನವರಾ?”

ನಾಲ್ಕು ಯಂತ್ರಗಳನ್ನು ಸಾಲಾಗಿ ಇಟ್ಟರು. ಬೆಳ್ಳಿಯದು, ಎಪ್ಪತ್ತೊಂದು ಸಾವಿರದ ದಪ್ಪ ಕಪ್ಪನೆಯದು, ಮೂವತ್ತೊಂಬತ್ತೂವರೆಯದು, ಕೊನೆಯಲ್ಲಿ ನಮ್ಮದು. ಇವರು ಕೈಗಡಿಯಾರ ಬಿಚ್ಚಿ ಮುಂದಿಟ್ಟುಕೊಂಡು “ಶುರು” ಎಂದರು.

ಬೆಳ್ಳಿಯದು ಒಂಬತ್ತು ನಿಮಿಷಕ್ಕೆ ಮುಗಿಸಿತು. ಸದ್ದಿಲ್ಲ, ಬಿಸಿಯಿಲ್ಲ. ಮುಚ್ಚಳವನ್ನು ಒಂದೇ ಬೆರಳಲ್ಲಿ ಎತ್ತಬಹುದು. ಸುಳ್ಳು ಏಕೆ ಹೇಳಲಿ, ಲ್ಯಾಪ್‌ಟಾಪಿನಿಂದ ನನಗೆ ಯಾವ ಕೆಲಸವೂ ಇಲ್ಲದಿದ್ದರೂ ಅದು ನನಗೂ ಬೇಕೆನಿಸಿತು. ಹರಿಣಿ ಕೈಕಟ್ಟಿ ನಿಂತು ನಗುತ್ತಿದ್ದಳು. ಅವಳ ಲೆಕ್ಕದಲ್ಲಿ ಟೆಂಡರು ಅಲ್ಲಿಗೆ ಮುಗಿದಿತ್ತು.

ಆಗ ದಪ್ಪ ಕಪ್ಪನೆಯದು ಟಿಣ್ ಎಂದಿತು. ಹದಿನಾಲ್ಕು ನಿಮಿಷ ಇಪ್ಪತ್ತು ಸೆಕೆಂಡು. ಫ್ಯಾನಿನ ಸದ್ದು ಅಂಗಡಿಗೆಲ್ಲ ಕೇಳುತ್ತಿತ್ತು, ಆದರೆ ಚಿತ್ರ ಪೂರ್ತಿಯಾಗಿತ್ತು. ಹರಿಣಿಯ ನಗು ನಿಂತಿತು. ಮೂವತ್ತೊಂಬತ್ತೂವರೆಯದು ಹದಿನೈದನೇ ನಿಮಿಷಕ್ಕೆ ಇನ್ನೂ ಅರ್ಧ ದಾರಿಯಲ್ಲಿತ್ತು. ಇವರು ಹಾಳೆಯ ಮೇಲೆ ‘ಅನರ್ಹ’ ಎಂದು ಬರೆದರು. ತಮ್ಮ ಕೈಯಾರೆ ಎಲ್ ಒನ್ ಒಂದನ್ನು ಹೊರಗಟ್ಟುವಾಗ ಅವರ ಪೆನ್ನು ಸ್ವಲ್ಪ ತಡವರಿಸಿದ್ದನ್ನು ನಾನು ನೋಡಿದೆ.

“ಅಯ್ಯೋ ಬಿಡಿ ಅಪ್ಪಾ, ಹಳೇದಕ್ಕೆ ಕಾಯೋದು ಬೇಡ. ಅದು ಆಗಲ್ಲ,” ಎಂದಳು ಹರಿಣಿ.

“ಪರೀಕ್ಷೆ ಅಂದ್ರೆ ಪೂರ್ತಿ ಆಗಬೇಕು,” ಎಂದು ಇವರು ಪ್ಲಾಸ್ಟಿಕ್ ಸ್ಟೂಲ್ ಎಳೆದುಕೊಂಡು ನಮ್ಮದರ ಮುಂದೆ ಕೂತರು.

ಹರಿಣಿ ಚೀಲದಿಂದ ಎರಡು ಬಾಟಲಿ ಮುಚ್ಚಳ ತೆಗೆದು ಅದರ ಹಿಂಬದಿಗೆ ಒತ್ತುಕೊಟ್ಟಳು, ಅಡಿಯಲ್ಲಿ ಗಾಳಿ ಆಡಲೆಂದು. ಅಂಗಡಿಯ ಟೇಬಲ್ ಫ್ಯಾನನ್ನು ಅದರ ಕಡೆ ತಿರುಗಿಸಿದಳು. ಯೋಚಿಸದೆ, ರೂಢಿಯ ಕೈಯಲ್ಲಿ. ಇವರು ಮೌಸ್ ಕಡೆ ಕೈ ಚಾಚಿದರು.

“ಮುಟ್ಬೇಡಿ ಅಪ್ಪಾ. ಮೌಸ್ ಅಲುಗಿದ್ರೆ ಫಿರ್ ಸೇ ಮೊದಲಿಂದ.”

ಇವರು ಕೈ ಹಿಂತೆಗೆದು ಮಡಿಲಲ್ಲಿಟ್ಟುಕೊಂಡರು. ಇಪ್ಪತ್ತು ಪರ್ಸೆಂಟಿಗೆ ಹತ್ತಿಪ್ಪತ್ತು ನಿಮಿಷ ನಿಂತಿತು.

“ಈಗ ಏನು ಮಾಡ್ತೀಯ?”

“ವೇಟ್ ಮಾಡ್ತೀನಿ.”

“ದಿನಾ?”

“ಕಾಲೇಜಿಂದ ಬಂದು ಹಚ್ತೀನಿ. ಊಟ ಮುಗಿಸಿ ನೋಡ್ತೀನಿ. ಕಭೀ ಆಗಿರತ್ತೆ, ಕಭೀ ಇಲ್ಲ. ಇಲ್ಲ ಅಂದ್ರೆ ಮತ್ತೆ.”

ನಾವು ಮೊಸರನ್ನ ತಿಂದೆವು, ಅಭಿಷೇಕ್‌ಗೂ ಕೊಟ್ಟೆವು. ಇವರು ಏಳಲಿಲ್ಲ. ಅವರು ಕೊಂಡ ಯಾವ ಸಾಮಾನಿನ ಮುಂದೆಯೂ ಅಷ್ಟು ಹೊತ್ತು ಕೂತಿದ್ದನ್ನು ನಾನು ಕಂಡಿಲ್ಲ. ಒಂದು ಗಂಟೆ ಐವತ್ತು ನಿಮಿಷಕ್ಕೆ ಲ್ಯಾಪ್‌ಟಾಪ್ ಒಮ್ಮೆ ಜೋರಾಗಿ ಗುರುಗುಟ್ಟಿ ಕಪ್ಪಾಯಿತು.

“ಡಿಸೆಂಬರಲ್ಲೂ ಹೀಗೇ ಆಯ್ತಾ?”

“ಹೂಂ.”

“ಎಷ್ಟರಲ್ಲಿ?”

“ಸಿಕ್ಸ್ಟಿ ಟೂ ಪರ್ಸೆಂಟ್.”

ಅವಳು ಯೋಚಿಸದೆ ಹೇಳಿದಳು. ಇವರು ಅದನ್ನೂ ಹಾಳೆಯ ಮೂಲೆಯಲ್ಲಿ ಬರೆದುಕೊಂಡರು.

ಉಳಿದದ್ದು ಬೆಲೆಯ ಲಕೋಟೆ. ಪಾಸಾದವು ಎರಡು, ಅವುಗಳಲ್ಲಿ ಕಡಿಮೆ ಬೆಲೆಯದು ದಪ್ಪ ಕಪ್ಪನೆಯದು. ಅದೇ ಈಗ ಎಲ್ ಒನ್.

“ಅರೇ, ಟೆನ್ ಮಿನಿಟ್ಸ್ ಅಂತ ಬರೀಬೇಕಿತ್ತು,” ಎಂದಳು ಹರಿಣಿ.

“ಬರೀಬೇಕಿತ್ತು. ಬರೀಲಿಲ್ಲ. ಟೆಂಡರ್ ಹೊರಟ ಮೇಲೆ ಷರತ್ತು ತಿದ್ದೋ ಹಾಗಿಲ್ಲ.”

ಅಭಿಷೇಕ್ ಕೊನೆಯ ಪ್ರಯತ್ನ ಮಾಡಿದ. ಬೆಳ್ಳಿಯದು ಏಳು ವರ್ಷ ಕಣ್ಣು ಮುಚ್ಚಿಕೊಂಡು ಓಡುತ್ತದೆ ಎಂದ. ಏಳು ವರ್ಷಕ್ಕೆ ವಾರಂಟಿ ಬರೆದುಕೊಡುತ್ತೀಯಾ ಎಂದು ಇವರು ಪೆನ್ನು ಮುಂದೆ ಮಾಡಿದರು. ಅವನು ಚಹಾ ತರಿಸಿದ. ನಾನು ಮನಸ್ಸಿನಲ್ಲೇ ಲೆಕ್ಕ ಹಾಕಿದೆ: ಐದು ನಿಮಿಷ ಬೇಗ ಮುಗಿಯಲು ಎಪ್ಪತ್ತೇಳು ಸಾವಿರ. ಆ ಐದು ನಿಮಿಷ ಸಿಕ್ಕರೂ ನನ್ನ ಮಗಳು ಫೋನಿನಲ್ಲಿ ಬೆಕ್ಕಿನ ವೀಡಿಯೊ ನೋಡುತ್ತಾಳೆ. ಬೆಳ್ಳಿಯ ಮುಚ್ಚಳವನ್ನು ಇನ್ನೊಮ್ಮೆ ಒಂದು ಬೆರಳಲ್ಲಿ ಎತ್ತಿ ಇಳಿಸಿ ಹೊರಟೆ.

ಮೆಟ್ರೋದಲ್ಲಿ ಹರಿಣಿ ಭಾರದ ಡಬ್ಬವನ್ನು ತೊಡೆಯ ಮೇಲಿಟ್ಟುಕೊಂಡು ಮುಖ ಊದಿಸಿದ್ದಳು. ಮೂರು ದಿನ ಅದನ್ನು ‘ಎಮ್ಮೆ’ ಎಂದು ಕರೆದಳು. ನಾಲ್ಕನೇ ದಿನದಿಂದ ಅದರ ಹತ್ತಿರ ಯಾರೂ ನೀರಿನ ಲೋಟ ತರಬಾರದು ಎಂದು ಆಜ್ಞೆಯಾಯಿತು. ಇಪ್ಪತ್ನಾಲ್ಕನೇ ತಾರೀಖು ಜ್ಯೂರಿ ಆಯಿತು, ಗ್ರಂಥಾಲಯ ಮೆಟ್ಟಿಲಿನಿಂದ ಮಾಡಿನವರೆಗೆ ಪೂರ್ತಿ ಕಾಣಿಸಿತು. ಬಿ ಪ್ಲಸ್ ಕೊಟ್ಟರು. ಶೌಚಾಲಯಕ್ಕೆ ಕಿಟಕಿಯೇ ಇಲ್ಲ ಎಂದು ಬೈದರಂತೆ. ಅದು ಯಾವ ಲ್ಯಾಪ್‌ಟಾಪಿನ ತಪ್ಪೂ ಅಲ್ಲವೆಂದು ಅವಳೇ ಒಪ್ಪಿಕೊಂಡಳು.

ಮರುದಿನ ಸಂಜೆ ಇವರು ಹಳೆಯ ಲ್ಯಾಪ್‌ಟಾಪನ್ನು ಊಟದ ಮೇಜಿನ ಮೇಲಿಟ್ಟು ನಮ್ಮಿಬ್ಬರನ್ನೂ ಕರೆದರು. ಸರ್ಕಾರದಲ್ಲಿ ಸಾಮಾನನ್ನು ಸುಮ್ಮನೆ ಎಸೆಯುವ ಹಾಗಿಲ್ಲ. ಮೂವರ ಸಮಿತಿ ಕೂತು, ಇದು ಕೆಟ್ಟಿದೆ, ಇಂಥ ಕಾರಣಕ್ಕೆ ಕೆಟ್ಟಿದೆ ಎಂದು ಬರೆದು ಸಹಿ ಹಾಕಬೇಕು. ನಾವೇ ಮೂವರು ಸಮಿತಿ. ಮಿಕ್ಸಿಯ ಹಳೆಯ ಜಾರು, ಎರಡು ಇಸ್ತ್ರಿಪೆಟ್ಟಿಗೆ, ಒಂದು ಗೀಸರ್, ಎಲ್ಲವೂ ಹೀಗೇ ಹೋಗಿವೆ. ‘ಕೆಡಲು ಕಾರಣ’ ಎಂಬ ಕಾಲಂನಲ್ಲಿ ಇವರು ಯಾವಾಗಲೂ ‘ಸಹಜ ಸವೆತ’ ಎಂದು ಬರೆಯುತ್ತಾರೆ. ಅದನ್ನು ಬರೆದರೆ ಯಾರ ಮೇಲೂ ತಪ್ಪು ಬರುವುದಿಲ್ಲ.

ನಾನು ಓದದೆ ಸಹಿ ಹಾಕಲು ಹೋದೆ. ಈ ಸಲ ಬೇರೆ ಏನೋ ಬರೆದಿತ್ತು.

“ಕೆಡಲು ಕಾರಣ: ಖರೀದಿ ಅಧಿಕಾರಿ ಮೊದಲು ಬೆಲೆ ನೋಡಿದ್ದು. ಡಿಸೆಂಬರ್ ಜ್ಯೂರಿಯ ವೈಫಲ್ಯಕ್ಕೆ ವಿದ್ಯಾರ್ಥಿನಿಯ ಸೋಮಾರಿತನ ಕಾರಣವಲ್ಲ.”

ನನಗೆ ಅಳು ಬಂತು, ಅದರ ಬೆನ್ನಿಗೇ ಸಿಟ್ಟೂ ಬಂತು. ಎದುರಿಗೇ ಕೂತಿರುವ ಮಗಳಿಗೆ ಬಾಯಿಬಿಟ್ಟು ಹೇಳಲು ಈ ಮನುಷ್ಯನಿಗೆ ಏನು ಧಾಡಿ ಎನಿಸಿತು. ಹಾಳೆಯನ್ನು ಹರಿಣಿಯ ಕಡೆ ಸರಿಸಿದೆ. ಅವಳು ಕನ್ನಡವನ್ನು ಬೆರಳಿಟ್ಟುಕೊಂಡು ಓದುತ್ತಾಳೆ, ಒಂದೊಂದೇ ಅಕ್ಷರ. ಎರಡನೇ ಸಾಲಿನಲ್ಲಿ ನಿಂತಳು.

“ವೈ-ಫ-ಲ್ಯ ಮತ್ಲಬ್?”

“ಫೇಲ್ ಆಗೋದು,” ಎಂದೆ.

ಬೆರಳು ಮುಂದೆ ಹೋಯಿತು. ‘ಸೋಮಾರಿತನ’ದ ಅರ್ಥ ಅವಳು ಕೇಳಲಿಲ್ಲ. ಆ ಮಾತು ಅವಳಿಗೆ ಚೆನ್ನಾಗಿ ಗೊತ್ತಿತ್ತು.

ಇವರು ಕನ್ನಡಕ ತೆಗೆದು ಅಂಗಿಯ ಚುಂಗಿನಿಂದ ಒರೆಸುತ್ತಾ ಕೂತಿದ್ದರು. ಹರಿಣಿ ಅಪ್ಪನ ಪೆನ್ನು ಎತ್ತಿಕೊಂಡು, ಸದಸ್ಯರ ಅಭಿಪ್ರಾಯ ಎಂದಿದ್ದ ಕಡೆ, ಸೊಟ್ಟ ಅಕ್ಷರಗಳಲ್ಲಿ ‘ನೋಡಿದೆ’ ಎಂದು ಬರೆದು ತಾರೀಖು ಹಾಕಿದಳು.

ಸಚಿವಾಲಯದ ಕಡತಗಳಲ್ಲಿ ದೊಡ್ಡ ಅಧಿಕಾರಿಗಳು ಬರೆಯುವ ಮಾತು ಅದು. ಒಪ್ಪಿದೆ ಎಂದು ಅರ್ಥವಲ್ಲ, ಒಪ್ಪುವುದಿಲ್ಲ ಎಂದೂ ಅಲ್ಲ. ಓದಿದ್ದೇನೆ, ನನ್ನ ಮಾತು ಇನ್ನೂ ಬಾಕಿ ಇದೆ ಎಂದಷ್ಟೇ. ಅಪ್ಪನ ಬಾಯಿಂದ ಕೇಳಿ ಕೇಳಿಯೇ ಅವಳು ಅದನ್ನು ಕಲಿತದ್ದು.

ಇವರು ಕನ್ನಡಕ ಹಾಕಿಕೊಂಡು ಓದಿದರು. “ಸರಿ,” ಎಂದರು. ನಾನು ಕೆಳಗೆ ಸಹಿ ಹಾಕಿ ಒಲೆಯ ಕಡೆ ಹೋದೆ. ತಿರುಗಿ ನೋಡಿದಾಗ ಹಾಳೆ ಇನ್ನೂ ಅವಳ ಮುಂದೆಯೇ ಇತ್ತು. ಮುಚ್ಚಳ ತೆಗೆದ ಪೆನ್ನನ್ನು ಅದರ ಪಕ್ಕಕ್ಕಿಟ್ಟು ಅವರು ಕಾಯುತ್ತಾ ಕೂತಿದ್ದರು.