ಹೊಲಿಗೆಕೋಣೆಯ ದೊಡ್ಡಕ್ಕ

ದೊಡ್ಡಕ್ಕ ಚಪ್ಪಲಿಯನ್ನು ಎಳೆದೆಳೆದು ನಡೆಯುತ್ತಿದ್ದಳು. ಕಾಲಿನಲ್ಲಿ ಊನವೇನೂ ಇರಲಿಲ್ಲ. ಬೀದಿಯಲ್ಲಿ ಬಸ್ಸು ಹಿಡಿಯಬೇಕಾದಾಗ ಅವಳ ನಡಿಗೆ ನಮ್ಮೆಲ್ಲರಿಗಿಂತ ಚುರುಕು. ಆದರೆ ಹೊಲಿಗೆಕೋಣೆಯ ಹೊಸ್ತಿಲು ದಾಟಿದಳೆಂದರೆ ಸರ್ ಸರ್ ಎಂಬ ಆ ಸದ್ದು ಅವಳಿಗಿಂತ ಮೊದಲೇ ಬಂದು ತಲುಪುತ್ತಿತ್ತು. ಅವಳಿಗಿಂತ ಹಿಂದೆ ಇದ್ದ ಮೇಲ್ವಿಚಾರಕ ಬೆಕ್ಕಿನ ಹಾಗೆ ಬೆನ್ನ ಹಿಂದೆ ಬಂದು ನಿಲ್ಲುತ್ತಿದ್ದ. ಬೆಚ್ಚಿಬಿದ್ದು ಬೆರಳಿಗೆ ಸೂಜಿ ಹೊಡೆಸಿಕೊಂಡವರು ನಮ್ಮಲ್ಲಿ ಹಲವರು.

"ಯಾಕಕ್ಕಾ ಹೀಗೆ ಎಳೀತೀಯ?" ಎಂದು ಒಮ್ಮೆ ಕೇಳಿದೆ.

"ನಾನು ಬರ್ತಿದೀನಿ ಅಂತ ಗೊತ್ತಾಗ್ಲಿ ಅಂತ. ನಾನೇನು ಕಳ್ಳರನ್ನ ಹಿಡಿಯೋಕೆ ಬರ್ತೀನಾ?"

ಬಿಸಿಲಿರಲಿ ಚಳಿಯಿರಲಿ, ಮೈಮೇಲೆ ಜೇಬುಗಳೇ ತುಂಬಿದ ಬೂದುಬಣ್ಣದ ಕೋಟು. ಒಂದು ಜೇಬಿನಲ್ಲಿ ಸೀಮೆಸುಣ್ಣ, ಇನ್ನೊಂದರಲ್ಲಿ ಹೊಲಿಗೆ ಬಿಚ್ಚುವ ಕೊಕ್ಕೆ, ಮತ್ತೊಂದರಲ್ಲಿ ಯಾರ ತಲೆನೋವಿಗೋ ಇಟ್ಟ ಮಾತ್ರೆ. ತಪ್ಪು ಕಂಡರೆ ಕೂಗಾಡುವವಳಲ್ಲ. ಬಟ್ಟೆಯನ್ನು ಒಳಮಗ್ಗುಲಿಗೆ ತಿರುವಿ, ಹೊಲಿದವಳ ಮಡಿಲಲ್ಲಿಟ್ಟು, ತಪ್ಪಿದ ಜಾಗದ ಮೇಲೊಮ್ಮೆ ಬೆರಳೂರಿ ಮುಂದಕ್ಕೆ ಹೋಗುತ್ತಿದ್ದಳು. ತನಗೆ ಬಾರದ್ದನ್ನು ಮುಚ್ಚಿಡುವ ಸ್ವಭಾವವೂ ಇರಲಿಲ್ಲ. ಗುಂಡಿಗೆ ಕಾಜ ಹೊಲಿಯುವ ವಿದ್ಯೆ ಅವಳಿಗೆ ಕೊನೆಯವರೆಗೂ ಒಲಿಯಲಿಲ್ಲ. "ನನ್ನ ಕಾಜ ನೋಡಿದ್ರೆ ಗುಂಡಿನೇ ಓಡಿಹೋಗತ್ತೆ, ನೀನು ಹೇಳಿಕೊಡಮ್ಮ" ಎಂದು ಎಲ್ಲರೆದುರೇ ನನ್ನನ್ನು ಕರೆಯುವಳು. ಗಂಡನನ್ನು ಕಳೆದುಕೊಂಡು, ಗೋಡೆಯ ಕಡೆಯ ಮೂಲೆ ಹುಡುಕಿಕೊಂಡು ಕೂರುತ್ತಿದ್ದ ನಾನು ನಾಲ್ಕು ಜನರ ನಡುವೆ ಬಂದು ಕೂತದ್ದು ಆ ಮಾತಿನಿಂದ.

ನಮ್ಮಲ್ಲೊಬ್ಬಳಿಗೆ ರೇಡಿಯೋ ಎಂದು ಹೆಸರು. ಬೆಳಗ್ಗೆ ಬಾಯಿ ತೆರೆದರೆ ಸಂಜೆ ಬಾಗಿಲು ಹಾಕುವವರೆಗೂ ನಿಲ್ಲಿಸದವಳು. ಗಂಡ ಹಾಸಿಗೆ ಹಿಡಿದಿದ್ದ. ಮನೆ ನಡೆಯುತ್ತಿದ್ದುದು ಅವಳ ದುಡಿಮೆಯಿಂದಲೇ. ನಾದಿನಿಯ ಮದುವೆ ಮುರಿದ ಕತೆಯನ್ನು ಹೇಳುತ್ತ ಹೇಳುತ್ತ ಒಂದು ದಿನ ಇಡೀ ಕಟ್ಟಿನ ಅಂಗಿಗಳಿಗೆ ಎಡತೋಳನ್ನು ಬಲಕ್ಕೆ, ಬಲತೋಳನ್ನು ಎಡಕ್ಕೆ ಕೂರಿಸಿಬಿಟ್ಟಳು. ಮಾಲೀಕರು ಬಂದು ಒಂದನ್ನು ಎತ್ತಿ ಹಿಡಿದರು.

"ಇದನ್ನ ಹಾಕ್ಕೊಂಡೋರು ಹಿಂದಕ್ಕೆ ನಡೀಬೇಕೇನೋ. ನಾಳೆಯಿಂದ ಇವಳು ಬೇಡ."

ರೇಡಿಯೋ ಸೆರಗಿಗೆ ಮುಖ ಒತ್ತಿಕೊಂಡು ಅಳತೊಡಗಿದಳು. ದೊಡ್ಡಕ್ಕ ನೆಲದ ಮೇಲೆ ಕೂತು ಕೊಕ್ಕೆ ತೆಗೆದು ತೋಳು ಬಿಚ್ಚತೊಡಗಿದಳು. ಊಟದ ಡಬ್ಬಿ ಬದಿಗಿಟ್ಟು ನಾವೂ ಸುತ್ತ ಕೂತೆವು.

"ಬಿಚ್ಚಿ, ಆದ್ರೆ ಬಯ್ಯಬೇಡಿ. ಅದಕ್ಕೆ ಮನೇಲಿ ಅವಳ ಅತ್ತೆ ಇದಾರೆ," ಎಂದಳು ದೊಡ್ಡಕ್ಕ. ಅಳುತ್ತಿದ್ದವಳೇ ಮೊದಲು ನಕ್ಕಳು.

ಆಮೇಲೆ ದೊಡ್ಡಕ್ಕ ಎದ್ದು ಮಾಲೀಕರ ಮುಂದೆ ನಿಂತಳು. "ಇವಳಿಗೆ ತಪ್ಪು ಕೆಲಸ ಕೊಟ್ಟಿದ್ದು ನಾನು. ಹೊಸಬರು ಹೆದರಿಕೊಂಡು ವಾರ ತುಂಬೋದ್ರೊಳಗೆ ಬಿಟ್ಟು ಹೋಗ್ತಾರಲ್ಲ, ಅವರ ಪಕ್ಕ ಇವಳನ್ನ ಕೂರಿಸ್ತೀನಿ. ಮಾತಾಡ್ತಾ ಕಲಿಸ್ಲಿ. ಆಗ್ಲಿಲ್ಲ ಅಂದ್ರೆ ಅವಳ ಜೊತೆ ನನ್ನನ್ನೂ ಕಳಿಸಿ."

"ಈ ಬಾಯಿಬಡುಕಿಗೆ ಗುರುಪೀಠವಾ?"

"ಬಾಯಿ ಅವಳಿಗೆ ದೇವರು ಕೊಟ್ಟಿದ್ದು. ನಾವು ಅದನ್ನ ಹೊಲಿಯೋಕೆ ಹೋಗಿದ್ದೇ ತಪ್ಪು."

ಮಾಲೀಕರು ಒಂದು ತಿಂಗಳ ಗಡುವು ಕೊಟ್ಟರು. ಯಂತ್ರದ ಸದ್ದಿಗೇ ಕಣ್ಣೀರಿಡುತ್ತಿದ್ದ ಹೆಣ್ಣುಮಕ್ಕಳು ರೇಡಿಯೋಳ ಪಕ್ಕದಲ್ಲಿ ಕೂತು, ನಗುತ್ತ ನೇರಹೊಲಿಗೆ ಕಲಿತರು. ನಾದಿನಿಯ ಕತೆ ಮುಂದೇನಾಯಿತೆಂದು ಕೇಳುವುದಕ್ಕಾದರೂ ಮರುದಿನ ಬಂದರು. ತಿಂಗಳು ಕಳೆದದ್ದು ಯಾರಿಗೂ ನೆನಪಾಗಲಿಲ್ಲ, ಮಾಲೀಕರಿಗೂ.

ವರ್ಷಗಳು ಉರುಳಿದ ಮೇಲೆ, ಕಲಿಸುವ ಕೆಲಸವನ್ನು ತಾನೇ ಮಾಲೀಕರ ಹತ್ತಿರ ಜಗಳವಾಡಿ ಪಡೆದೆನೆಂದು ರೇಡಿಯೋ ಹೊಸಬರಿಗೆ ಹೇಳುತ್ತಿದ್ದಳು. ಹೇಳಿ ಹೇಳಿ ತಾನೂ ಅದನ್ನೇ ನಂಬಿದ್ದಳು. ಪಕ್ಕದಲ್ಲೇ ನಿಂತಿದ್ದ ದೊಡ್ಡಕ್ಕ, "ಏನು ಜಗಳ ಆಡಿದ್ಲು ಅಂತೀರಿ, ನಾವೆಲ್ಲ ನಡುಗಿಹೋಗಿದ್ವಿ," ಎಂದು ದನಿಗೂಡಿಸಿದಳು.

ಒಬ್ಬರ ಅಂತರಂಗದ ಸತ್ವವನ್ನು ಗುರುತಿಸಿ ಅವರ ಕೈಗೇ ಒಪ್ಪಿಸುವ ಸಹೃದಯರು ಲೋಕದಲ್ಲಿ ಅಲ್ಲೊಬ್ಬರು ಇಲ್ಲೊಬ್ಬರು ಸಿಗುತ್ತಾರೆ. ಒಪ್ಪಿಸಿದ ಮೇಲೆ, ಅದು ಮೊದಲಿಂದಲೂ ನಿನ್ನ ಹತ್ತಿರವೇ ಇತ್ತಲ್ಲ ಎಂದು ಏನೂ ತಿಳಿಯದವರಂತೆ ಪಕ್ಕಕ್ಕೆ ಸರಿಯುವವರು ಬಲು ವಿರಳ. ಅಂಥವರಿಗೆ ಕೃತಜ್ಞತೆ ಹೇಳುವುದು ಕೂಡ ಕಷ್ಟವೇ. ಅವರು ಏನು ಕೊಟ್ಟರೆಂಬುದು ಪಡೆದವರಿಗೇ ನೆನಪಿರುವುದಿಲ್ಲ.